ಚಿಪ್ಪಿನ ಹಾಳೆ

ಕಾಲ್ಬೆರಳಿನ ಹುಣ್ಣು ಎರಡು ತಿಂಗಳಾದರೂ ಮಾಯದೆ ಹೋಟೆಲಿನ ಯಜಮಾನರು ಕೊನೆಗೆ ಹೆಂಡತಿಯ ಜೊತೆ ಆಸ್ಪತ್ರೆಗೆ ಬಂದರು. ಡಾಕ್ಟರಮ್ಮ ಚಿಮುಟದಲ್ಲಿ ಒಂದು ತೆಳ್ಳನೆಯ ಹಾಳೆ ಎತ್ತಿ ತೋರಿಸಿದರು. ನೋಡಲು ಥೇಟ್ ಅಕ್ಕಿ ಹಪ್ಪಳ.

"ಇದರೊಳಗೆ ಆ್ಯಂಟಿಬಯಾಟಿಕ್ ಇದೆ. ಹುಣ್ಣಿನ ಮೇಲೆ ಕೂತು ದಿನಾ ಸ್ವಲ್ಪ ಸ್ವಲ್ಪ ಬಿಡುತ್ತೆ. ಇದಕ್ಕೂ ಬಗ್ಗದಿದ್ರೆ ಬೆರಳು ತೆಗೆಯೋದೇ. ಅಂದಹಾಗೆ, ಸಿಗಡಿ ಚಿಪ್ಪಿಂದ ಮಾಡಿದ್ದೂ ಇದೆ, ಏಡಿ ಚಿಪ್ಪಿಂದ ಮಾಡಿದ್ದೂ ಇದೆ. ಅವು ತಿಂದ್ರೆ ನಿಮಗೆ ದದ್ದು ಗಿದ್ದು ಏಳುತ್ತಾ? ಒಗ್ಗದವರಿಗೆ ಹಾಕಿದ್ರೆ ಹುಣ್ಣು ಇನ್ನೂ ಕೆಡುತ್ತೆ."

ಹೆಂಡತಿ ಕಿಸಕ್ಕನೆ ನಕ್ಕರು. "ತಿನ್ನೋದಾ! ನಮ್ಮ ಹೋಟೆಲ್ ಬೋರ್ಡ್ ನೋಡಿಲ್ವಾ? ಶುದ್ಧ ಸಸ್ಯಾಹಾರಿ. ಇವರು ಸಾಂಬಾರಿಗೆ ಈರುಳ್ಳೀನೂ ಹಾಕೋಕೆ ಬಿಡಲ್ಲ."

ಯಜಮಾನರು ಬೆವತರು. ಸಾಮಾನು ತರಲು ಮಂಗಳೂರಿಗೆ ಹೋದಾಗಲೆಲ್ಲ ಬಂದರಿನ ಹಿಂದಿನ ಖಾನಾವಳಿಯಲ್ಲಿ ಅವರು ಒಂದು ತಟ್ಟೆ ಸಿಗಡಿಯನ್ನೋ ಎರಡು ಏಡಿಯನ್ನೋ ಬಾರಿಸುತ್ತಿದ್ದರು. ಸಿಗಡಿ ಏನೂ ಮಾಡುತ್ತಿರಲಿಲ್ಲ; ಏಡಿ ತಿಂದರೆ ಮಾತ್ರ ಮನೆ ಮುಟ್ಟುವಷ್ಟರಲ್ಲಿ ಮೈತುಂಬ ದದ್ದು. "ಬಸ್ಸಿನ ಸೀಟಲ್ಲಿ ತಿಗಣೆ ಕಣೇ" ಎಂದರೆ ಹೆಂಡತಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಇಪ್ಪತ್ತು ವರ್ಷದಿಂದ ಹೀಗೇ ನಡೆದಿತ್ತು.

ಈಗ ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಬೆರಳು. ಹಾಳೆ ಕಾಲಿನ ಹತ್ತಿರ ಬಂತು. ಬೆರಳಾದರೆ ಇನ್ನೂ ಒಂಬತ್ತಿವೆ ಎಂದುಕೊಂಡು ಅವರು ಕಣ್ಣು ಮುಚ್ಚಿದರು.

"ಒಂದ್ನಿಮಿಷ ಡಾಕ್ಟ್ರೇ," ಎಂದರು ಹೆಂಡತಿ. "ಸಿಗಡೀದಾದ್ರೆ ಹಾಕಿ. ಏಡೀದಾದ್ರೆ ಬೇಡ, ಇವರಿಗೆ ಬಸ್ಸಿನ ತಿಗಣೆ ಕಚ್ಚುತ್ತೆ."