ನಾಲ್ಕನೇ ಹಾಡಿನಲ್ಲಿ ಬಿಟ್ಟ ಏಟು

ದೊಡ್ಡಬಳ್ಳಾಪುರದ ಒಂದು ಬೀದಿ. ಹಗಲಿಡೀ ಪವರ್‌ಲೂಮ್‌ಗಳ ಸದ್ದು...

ಅಲ್ಲೊಂದು ಮಹಡಿ ಮನೆಯಲ್ಲಿ ಸುಧೀಂದ್ರನ ಬಾಡಿಗೆ ವಾಸ. ವಯಸ್ಸು ನಲವತ್ತೇಳು. ಕೆಲಸ, ಪಾಲಿಟೆಕ್ನಿಕ್ ಮೇಷ್ಟ್ರು. ಹುಚ್ಚು, ಥ್ರಾಶ್ ಮೆಟಲ್!

ಅಂದರೆ, ಗಿಟಾರು ಡ್ರಮ್ಮುಗಳು ಮೈಮೇಲೆ ದೇವರು ಬಂದಂತೆ ಓಡುವ ಸಂಗೀತ.

ಇಪ್ಪತ್ತರಲ್ಲಿ ಅವನಿಗೂ ಬ್ಯಾಂಡಿನ ಮೂವರು ಗೆಳೆಯರಿಗೂ ಗೊತ್ತಿದ್ದದ್ದು ವೇಗ ಮಾತ್ರ. ಈಗ ಎಲ್ಲರಿಗೂ ಮಂಡಿನೋವು... ಆದರೆ ಎಲ್ಲಿ ನಿಲ್ಲಬೇಕೆಂದು ತಿಳಿದಿತ್ತು.

ಆರು ವರ್ಷ ಕೂತು, ಡ್ರಮ್ಮಿನ ಒಂದೊಂದು ಏಟನ್ನೂ ತೂಗಿ ಆಲ್ಬಮ್ ಮಾಡಿದರು.

"ಮಿಕ್ಸಿಗೆ ಚಮಚ ಬಿದ್ದಂಗಿದೆ ಕಣೋ" ಎಂದ ಸ್ವಂತ ಅಣ್ಣ. ಅವನು ಕೇಳಿದ್ದೂ ಅರ್ಧ ನಿಮಿಷವೇ. ಉಳಿದ ಪರಿಚಯದವರು ಮೊಬೈಲಿನಲ್ಲಿ ಹೆಬ್ಬೆರಳೆತ್ತಿದ ಚಿತ್ರ ಕಳಿಸಿ ಸುಮ್ಮನಾದರು.

ಸಾಕು ಅನ್ನಿಸಿತು. ಗಿಟಾರ್ ಮಾರಿಬಿಡಲು ನಿರ್ಧರಿಸಿದ. ಭಾನುವಾರ ಹನ್ನೊಂದಕ್ಕೆ ಕೊಳ್ಳುವವರು ಬರಬೇಕು...

ಅಂದು ಬೆಳಿಗ್ಗೆಯೂ ದಿನದಂತೆ ಆಲ್ಬಮ್ ಜೋರಾಗಿ ಹಾಕಿದ, ಕೊನೆಯ ಸಲವೆಂದು.

ಬಾಗಿಲು ಬಡಿದ ಸದ್ದು. ಕೆಳಗೆ ಮಗ್ಗ ಇಟ್ಟಿರುವ ಮನೆ ಓನರ್ ಚೌಡಮ್ಮ! ಐವತ್ತು ವರ್ಷ ಮಗ್ಗದ ಪಕ್ಕ ನಿಂತ ಜೀವ.

"ಸಾರಿ ಅಮ್ಮಾ, ಸೌಂಡ್ ಕಮ್ಮಿ ಮಾಡ್ತೀನಿ..."

"ಯಾಕ್ ಮೇಷ್ಟ್ರೇ? ಮಗ್ಗ ನನ್ ಕಿವೀನ ತಿಂದಾಕೈತೆ. ಮೆಲ್ಲಗಿದ್ರೆ ಏನೂ ಕೇಳ್ಸಲ್ಲ." ಕುರ್ಚಿ ಎಳೆದು ಕೂತೇಬಿಟ್ಟರು. "ಆ ನಾಲ್ಕನೇದು ಹಾಕಿ."

ಹಾಕಿದ. ಚೌಡಮ್ಮ ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳು ಕುಟ್ಟುತ್ತ ಹೋದರು... ಒಂದೆಡೆ ಬೆರಳು ಗಾಳಿಯಲ್ಲೇ ನಿಂತಿತು.

"ಇಲ್ಲಿ. ಇಲ್ಲೊಂದು ಏಟು ಬಿಟ್ಟಿದ್ದೀರ."

ಸುಧೀಂದ್ರ ತಟಕ್ಕನೆ ಹಾಡು ನಿಲ್ಲಿಸಿದ. ಏಳು ಏಟು, ಮತ್ತೆ ಏಳು, ಆಮೇಲೆ ಆರೇ... ಆ ಒಂದು ಏಟು ತೆಗೆಯಲು ನಾಲ್ವರೂ ಎರಡು ತಿಂಗಳು ಕಿತ್ತಾಡಿದ್ದರು. ಈವರೆಗೆ ಯಾರೊಬ್ಬರೂ ಗಮನಿಸಿರಲಿಲ್ಲ!

"ಮೊದ್ಲು ಕೇಳ್ದಾಗ ಮಗ್ಗದ ಏಟೇ ತಪ್ತು, ನೂಲು ಕಿತ್ತೋಯ್ತು ಅಂತ ಓಡೋಗಿ ನನ್ ಮಗ್ಗ ನಿಲ್ಲಿಸ್ದೆ. ನೋಡಿದ್ರೆ ಎಲ್ಲಾ ನೆಟ್ಟಗೈತೆ!" ಚೌಡಮ್ಮ ಬಾಯ್ತುಂಬ ನಕ್ಕರು. "ಮಾರನೇ ದಿನಾನೂ ಅದೇ ಜಾಗ. ಅದರ ಮಾರನೇ ದಿನಾನೂ ಅಲ್ಲೇ. ತಪ್ಪು ಎಲ್ಲೆಂದ್ರಲ್ಲಿ ಬರ್ತೈತೆ ಮೇಷ್ಟ್ರೇ. ದಿನಾ ಒಂದೇ ಜಾಗಕ್ಕೆ ಬಂದ್ರೆ... ಅದು ಡಿಸೈನು!"

ಅವನ ಕಣ್ಣು ತುಂಬಿತು.

"ನಿಮ್ ಹುಡುಗು ವಯಸ್ಸಿನ ಹಾಡೂ ಹಾಕ್ತಿದ್ರಲ್ಲ, ಅದು ಬರೀ ಓಟ. ಇದ್ರಲ್ಲಿ ಕೈ ಪಳಗೈತೆ."

ಕೆಳಗೆ ಬೈಕ್ ನಿಂತಿತು.

"ಯಾರದು?"

"ಗಿಟಾರ್ ತಗೊಂಡು ಹೋಗೋಕೆ ಬಂದಿದಾರಮ್ಮ... ಮಾರ್ತಿದೀನಿ."

ಚೌಡಮ್ಮ ಎದ್ದು ಕಿಟಕಿಯಿಂದ ಬಗ್ಗಿದರು.

"ಮೇಷ್ಟ್ರ ಮಗ್ಗ ಮಾರೋಕಿಲ್ಲ, ಹೋಗ್ರಪ್ಪಾ!"

ಸುಧೀಂದ್ರ ಅಳುತ್ತಲೇ ನಕ್ಕುಬಿಟ್ಟ... ಚೌಡಮ್ಮ ಮತ್ತೆ ಕುರ್ಚಿಗೆ ಬಂದು ಸೆರಗು ಸರಿಮಾಡಿಕೊಂಡರು.

"ಹೂಂ, ಐದನೇದು ಹಾಕಿ."

ಸಾವಿರ ಜನ ಅರ್ಧ ನಿಮಿಷ ಕೇಳುವುದಕ್ಕಿಂತ, ಬಿಟ್ಟ ಏಟನ್ನೂ ಕೇಳಿಸಿಕೊಳ್ಳುವ ಒಬ್ಬರು ಸಿಕ್ಕರೆ ಆರು ವರ್ಷದ ಕೆಲಸ ಸಾರ್ಥಕ.

ನಿಮ್ಮವರೊಬ್ಬರು ವರ್ಷಗಟ್ಟಲೆ ಕೂತು ಮಾಡಿದ್ದನ್ನು... ನೀವು ಎಷ್ಟನೇ ಹಾಡಿನವರೆಗೆ ಕೇಳಿದ್ದೀರಿ?