ಕೆಂಪು ಗುಂಡಿ

ರೋಂಡಾಳ ಮಾನ್‌ಸ್ಟರ್ ಟ್ರಕ್ಕು ಹಿಂದಿನ ಎರಡೇ ಚಕ್ರಗಳ ಮೇಲೆ ಎದ್ದು ನಿಂತಾಗ, ಅವಳ ಗಂಡ ವೆಂಡೆಲ್‌ನ ಹೆಬ್ಬೆರಳು ರಿಮೋಟಿನ ಕೆಂಪು ಗುಂಡಿಯ ಮೇಲಿತ್ತು. ಟ್ರಕ್ಕು ಮಗುಚುವಂತಾದರೆ ಹೊರಗಿನಿಂದಲೇ ಎಂಜಿನ್ ನಿಲ್ಲಿಸುವ ಗುಂಡಿ ಅದು. ಈಗ ಒತ್ತುವಂಥದ್ದೇನೂ ಆಗಿರಲಿಲ್ಲ. ಆಳೆತ್ತರದ ಮುಂಚಕ್ರಗಳು ಗಾಳಿಯಲ್ಲಿ ಗಿರಗಿರ ತಿರುಗುತ್ತಿದ್ದವು, ಸ್ಪರ್ಧೆ ನೋಡಲು ಸೇರಿದ್ದ ಅರ್ಧ ಇಂಡಿಯಾನಾ ರಾಜ್ಯವೇ ಎದ್ದು ನಿಂತು ಅವಳ ಹೆಸರು ಕೂಗುತ್ತಿತ್ತು. ಹೋದ ವರ್ಷದ ತನಕ ಆ ಡ್ರೈವರ್ ಸೀಟು ಅವನದಾಗಿತ್ತು. ಅವನ ಹೆಸರನ್ನು ಒಂದು ದಿನವೂ ಯಾರೂ ಹೀಗೆ ಗಂಟಲು ಹರಿಯುವಂತೆ ಕೂಗಿರಲಿಲ್ಲ. ಆ ಕೂಗು ಸಹಿಸಲಾರದೆ ಗುಂಡಿ ಒತ್ತಿಯೇಬಿಟ್ಟ.

ಎಂಜಿನ್ ಗಪ್ಪಾಯಿತು. ಟ್ರಕ್ಕು ಧೊಪ್ಪನೆ ಮಣ್ಣಿಗೆ ಬಿತ್ತು, ಜನರ ಕೂಗೂ ಅಲ್ಲಿಗೇ ನಿಂತಿತು. ರೋಂಡಾ ಇಳಿದು, ಹೆಲ್ಮೆಟ್ ಕಳಚುತ್ತಾ ನೇರ ಅವನ ಹತ್ತಿರ ಬಂದಳು.

"ಮಗುಚಿಬಿಡ್ತೀಯೇನೋ ಅಂತ ಎದೆ ಧಸಕ್ ಅಂತು ಕಣೇ," ಅಂದ ವೆಂಡೆಲ್.

ರೋಂಡಾ ಅವನ ಮುಖವನ್ನೇ ನೋಡಿ ನಕ್ಕಳು. "ಹೋದ ವರ್ಷ ಫೈನಲ್‌ನಲ್ಲಿ ಇದೇ ಗುಂಡಿ ಒತ್ತಿ ನಿನ್ನ ಟ್ರಕ್ಕು ನಿಲ್ಲಿಸಿದಾಗ ನಾನೂ ಇದೇ ಮಾತು ಹೇಳಿದ್ದೆ. ನೆನಪಿದೆಯಾ?"

ನೆನಪಿತ್ತು. ಹೆಂಡತಿ ತನ್ನ ಜೀವ ಉಳಿಸಿದಳೆಂದು ಅವಳನ್ನು ತಬ್ಬಿಕೊಂಡು ಅತ್ತು, ಅವತ್ತೇ ಸೀಟು ಬಿಟ್ಟುಕೊಟ್ಟಿದ್ದ.