ಬಾಣಂತಿ ಕೋಣೆಯ ಪ್ರಯೋಗ

"ಕೆಂಪು ಹನಿ ನಿಂತೋಯ್ತು ಕಣೇ," ಎಂದ ಜೊತೆಗೆ ಓದುವ ಚನ್ನೇಶ್, ತುಮಕೂರಿನ ಕಾಲೇಜು ಲ್ಯಾಬಿನಿಂದ. ಅಮೃತೂರಿನ ತವರುಮನೆಯಲ್ಲಿ ತಲೆಗೆ ಬಟ್ಟೆ ಬಿಗಿದುಕೊಂಡು ಕೂತಿದ್ದ ಬಾಣಂತಿ ದೀಪಿಕಾಗೂ ಲ್ಯಾಪ್‌ಟಾಪಿನಲ್ಲಿ ಅದೇ ಕಾಣುತ್ತಿತ್ತು.

ಕೂದಲೆಳೆಯಷ್ಟು ಸಣ್ಣ ಕಾಲುವೆಗಳಿರುವ ಗಾಜಿನ ಬಿಲ್ಲೆ, ಅದರೊಳಕ್ಕೆ ಕೆಂಪು ಬಣ್ಣದ ನೀರು ನೂಕುವ ಸಿರಿಂಜು, ಸಿರಿಂಜನ್ನು ತಳ್ಳುವ ಮೋಟಾರು, ಎಲ್ಲವನ್ನೂ ದೂರದಿಂದಲೇ ಆಡಿಸುವ ಪ್ರೋಗ್ರಾಮು, ಮೈಕ್ರೋಸ್ಕೋಪಿನ ಮೇಲೆ ಕೂತು ಲೈವ್ ತೋರಿಸುವ ಕ್ಯಾಮೆರಾ. ಬಸುರಿ ಹೊಟ್ಟೆ ಹೊತ್ತುಕೊಂಡೇ ಇವಿಷ್ಟನ್ನೂ ಕಟ್ಟಿದವಳು ಅವಳು. ಇವತ್ತು ಲ್ಯಾಬಿಗೆ ಬಂದು ಕೂತ ಪರೀಕ್ಷಕರ ಮುಂದೆ ಅದು ಓಡದಿದ್ದರೆ ಪಿಎಚ್‌ಡಿ ಮುಂದಿನ ವರ್ಷಕ್ಕೆ. "ಬಾಣಂತನ ಮುಗಿಸ್ಕೊಂಡೇ ಬನ್ನಿ, ಅವಸರವೇನು?" ಎಂದು ಪರೀಕ್ಷಕ ಷಡಕ್ಷರಿ ಮೊದಲೇ ಅಂದಿದ್ದರು. ಆ ಮಾತಿಗೆ ಅವಳ ಮೈಯೆಲ್ಲ ಉರಿದಿತ್ತು.

"ಗಾಳಿಗುಳ್ಳೆ ಸಿಕ್ಕಾಕ್ಕೊಂಡೈತೆ. ಕೈಯಲ್ಲೇ ಒಂದ್ಸಲ ಒತ್ಬುಡ್ಲಾ?" ಚನ್ನೇಶ್ ಪಿಸುಗುಟ್ಟಿದ.

"ಮುಟ್ಬೇಡ ಕಣೋ. ಆಮೇಲೆ ಕಂಪ್ಯೂಟರೇ ಮಾಡ್ತು ಅಂದ್ರೆ ಯಾರು ನಂಬ್ತಾರೆ? ನಾನೇ ಬಿಡಿಸ್ತೀನಿ."

ಅಷ್ಟರಲ್ಲಿ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಡುತ್ತಿದ್ದ ಮೊಬೈಲಿನ ಸಿಗ್ನಲ್ ಕೈಕೊಟ್ಟಿತು. ಕಿಟಕಿಯಾಚೆ ಹಿಡಿದರೆ ಸಿಕ್ಕೀತು. ಆದರೆ ಹೆರಿಗೆಯಾದಾಗಿನಿಂದ ಅಜ್ಜಿ ಕರಿಬಸಮ್ಮ ಆ ಕಿಟಕಿ ತೆರೆಯಗೊಟ್ಟಿರಲಿಲ್ಲ.

"ಅಜ್ಜಿ, ಕಿಟಕಿ ತೆಗಿ," ಎಂದಳು ದೀಪಿಕಾ.

"ಗಾಳಿ ಹೊಡೀತದೆ ಕಣೇ. ಸೊಂಟನೋವು ಅಂತ ಜನ್ಮೆಲ್ಲಾ ನರಳ್ತೀಯ."

"ನರಳ್ತೀನಿ ಬುಡು. ಇದು ನಿಂತೋದ್ರೆ ಅದಕ್ಕಿಂತ ನರಳ್ತೀನಿ."

ಕರಿಬಸಮ್ಮ ಮೊಮ್ಮಗಳ ಮುಖವನ್ನೇ ನೋಡಿದಳು. ಎದ್ದು, ಕಿಟಕಿ ತೆರೆದು, ಮೊಬೈಲು ಹಿಡಿದ ಕೈಯನ್ನು ಸರಳಿನಾಚೆ ಚಾಚಿ, ಗಾಳಿ ಒಳಗೆ ನುಸುಳದ ಹಾಗೆ ತನ್ನ ದಪ್ಪ ಮೈಯನ್ನೇ ಅಡ್ಡ ಒಡ್ಡಿ ನಿಂತಳು.

ಚಿತ್ರ ಮರಳಿತು. ದೀಪಿಕಾ ಮೋಟಾರನ್ನು ಕೊಂಚ ಹಿಂದಕ್ಕೆಳೆದಳು, ತಳ್ಳಿದಳು. ಮತ್ತೆ ಎಳೆದಳು, ತಳ್ಳಿದಳು. ಇಲ್ಲಿ ಒತ್ತಿದ್ದು ಅಲ್ಲಿ ನಡೆದು ಪರದೆಗೆ ಬರಲು ತುಸು ಹೊತ್ತು ಬೇಕು. ಅಷ್ಟು ಹೊತ್ತೂ ಉಸಿರು ಬಿಗಿಹಿಡಿದಳು. ಗುಳ್ಳೆ ಅಲುಗಿತು, ಜಾರಿತು, ಹೊರಟೇ ಹೋಯಿತು. ಅದರ ಹಿಂದೆಯೇ ಕೆಂಪು ಹನಿಗಳು ಒಂದೇ ಅಳತೆಯಲ್ಲಿ ಸಾಲುಗಟ್ಟಿ ಬಂದವು.

"ವೇಗ ಅರ್ಧ ಮಾಡಿ," ಎಂದರು ಷಡಕ್ಷರಿ. ಮಾಡಿದಳು. "ನಿಲ್ಸಿ." ನಿಲ್ಲಿಸಿದಳು. ಅವರು ಪೆನ್ನು ತೆಗೆದು, "ಸಾಕಮ್ಮ. ಮುಂದಿನ ವರ್ಷ ಬರೋದೇನೂ ಬೇಡ, ಇವತ್ತೇ ಸಹಿ ಹಾಕ್ತೀನಿ," ಎಂದರು. ದೀಪಿಕಾಗೆ ಕುಣಿಯುವಷ್ಟು ಸಂತೋಷವಾಯಿತು.

ಮಗು ನೋಡಲು ಬಂದ ಪಕ್ಕದ ಮನೆಯ ತುಳಸಮ್ಮ ಅಂಗಳದಲ್ಲೇ ನಿಂತುಬಿಟ್ಟಳು. "ಇದೇನಕ್ಕ, ಬಾಣಂತಿ ಇರೋ ಕೋಣೆ ಕಿಟಕಿ ತೆಗೆದಿಟ್ಟಿದೀಯ?"

ಕರಿಬಸಮ್ಮ ಚಾಚಿದ ಕೈ ಇಳಿಸಲಿಲ್ಲ.

"ಬಾಣಂತಿ ಮನೇಲಿಲ್ಲ ಕಣೇ. ಕೆಲ್ಸ ಇತ್ತು, ತುಮಕೂರಿಗೆ ಹೋಗವ್ಳೆ. ಕುಂತ್ಕೋ, ಬರ್ತಾಳೆ."